ಬೆಳಗಿನ ಜಾವ ಹಳ್ಳದ ನೀರನ್ನು ಅಳೆದದ್ದು: ನನ್ನ ಅನುಭವ

2024ರ ಏಪ್ರಿಲ್ ತಿಂಗಳಲ್ಲಿ, ಆ ಬೇಸಿಗೆಯ ಮೊದಲ ಜೋರು ಮಳೆ ಬಂದು ಎರಡು ರಾತ್ರಿ ಕಳೆದ ಮೇಲೆ, ನಮ್ಮ ಕೆಳಗಿನ ತೋಟದ ಮನೆಯವರು ಒಂದು ಬಕೆಟ್ ತುಂಬ ಸತ್ತ ಮೀನು ತಂದು ನಮ್ಮ ಅಂಗಳದಲ್ಲಿಟ್ಟು, “ಮೇಷ್ಟ್ರೇ, ನೀವು ವಿಜ್ಞಾನ ಪಾಠ ಮಾಡಿದವರು, ಇದು ಯಾಕೆ ಹೀಗಾಯ್ತು ಅಂತ ನೀವೇ ಹೇಳಬೇಕು” ಎಂದರು. ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಊರಿನ ಹಳ್ಳ ಮೇಲಿನ ಕಾನಿನಲ್ಲಿ, ಅಂದರೆ ದಟ್ಟ ಕಾಡಿನಲ್ಲಿ, ಹುಟ್ಟಿ, ನಾಲ್ಕಾರು ಮನೆಗಳ ಅಡಿಕೆ ತೋಟಗಳ ನಡುವೆ ಇಳಿದು ತುಂಗೆಯನ್ನು ಸೇರುತ್ತದೆ. ಪ್ರೌಢಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದ ನನಗೆ, ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಅಳೆಯುವ ವಿಧಾನ ಬಾಯಿಪಾಠವಾಗಿತ್ತು. ಆದರೂ ಆ ದಿನ ನಾನು ಕೊಟ್ಟ ಉತ್ತರ ತಪ್ಪಾಗಿತ್ತು, ಮತ್ತು ಆ ತಪ್ಪು ಉತ್ತರವನ್ನು ನಾನು ಊರಿನಲ್ಲಿ ನಾಲ್ಕು ಜನರ ಮುಂದೆ ಹೇಳಿಯೂ ಬಿಟ್ಟಿದ್ದೆ. ತಪ್ಪು ರಸಾಯನಶಾಸ್ತ್ರದಲ್ಲಿರಲಿಲ್ಲ, ಅಳೆದ ಹೊತ್ತು ಮತ್ತು ಜಾಗದಲ್ಲಿತ್ತು ಎಂಬುದು ತಿಳಿಯಲು ಹತ್ತು ದಿನ ಬೇಕಾಯಿತು.

ಅಂದು ನಾನು ಮಾಡಿದ್ದು ಇಷ್ಟು. ಊಟ ಮುಗಿಸಿ, ಶಾಲೆಯ ದಿನಗಳಿಂದ ಉಳಿಸಿಕೊಂಡಿದ್ದ 300 ಮಿಲಿಲೀಟರಿನ ಗಾಜಿನ ಬಾಟಲಿಗಳನ್ನೂ ರಾಸಾಯನಿಕಗಳನ್ನೂ ತೆಗೆದುಕೊಂಡು ಮಧ್ಯಾಹ್ನ ಎರಡು ಗಂಟೆಯ ಸುಮಾರಿಗೆ ಕೆಳಗಿನ ಮನೆಯವರ ಒಡ್ಡಿನ ಬಳಿಗೆ ಹೋದೆ. ನೀರು ನೋಡಲು ತಿಳಿಯಾಗಿಯೇ ಇತ್ತು, ಸ್ವಲ್ಪ ಕಂದು ಛಾಯೆ ಬಿಟ್ಟರೆ ವಾಸನೆ ಏನೂ ಇರಲಿಲ್ಲ, ಅಂಚಿನ ಕಲ್ಲುಗಳ ಮೇಲೆ ಹಸಿರು ಪಾಚಿ ಬೆಳೆದು ಬಿಸಿಲಿಗೆ ಸಣ್ಣ ಸಣ್ಣ ಗುಳ್ಳೆ ಬಿಡುತ್ತಿತ್ತು. ಅಳೆದಾಗ ಲೀಟರಿಗೆ 7.1 ಮಿಲಿಗ್ರಾಂ ಆಮ್ಲಜನಕ ಸಿಕ್ಕಿತು. ನಮ್ಮ ಎತ್ತರದಲ್ಲಿ, ಆ ಹೊತ್ತಿನ 27 ಡಿಗ್ರಿ ಉಷ್ಣತೆಯ ನೀರು ಹಿಡಿದಿಟ್ಟುಕೊಳ್ಳಬಲ್ಲ ಆಮ್ಲಜನಕವೇ ಏಳೂವರೆಯ ಒಳಗೆ. ಹಾಗಾಗಿ ಉಸಿರುಗಟ್ಟಿ ಸತ್ತಿರುವ ಸಂಭವ ಇಲ್ಲವೆಂದೂ, ಯಾವುದೋ ವಿಷ ಸೇರಿರಬೇಕೆಂದೂ ತೀರ್ಮಾನಿಸಿದೆ. ಮೇಲ್ಭಾಗದಲ್ಲಿ ಎರಡು ವರ್ಷದ ಹಿಂದೆ ಶುರುವಾಗಿದ್ದ ಒಂದು ಹೋಮ್‌ಸ್ಟೇಯ ಶೌಚದ ಗುಂಡಿಯ ಮೇಲೆ ನನ್ನ ಅನುಮಾನ ಹೋಯಿತು. ಅನುಮಾನಕ್ಕೆ ಪುರಾವೆ ಇರಲಿಲ್ಲ. ಹೊರಗಿನಿಂದ ಬಂದವರು ಎಂಬ ಒಂದು ಅಸಮಾಧಾನ ಮಾತ್ರ ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಅನುಮಾನವನ್ನು ಗಟ್ಟಿ ಮಾಡಿಕೊಳ್ಳಲು ಹೈಡ್ರೋಜನ್ ಸಲ್ಫೈಡ್ ಪರೀಕ್ಷೆಯ ಸಣ್ಣ ಬಾಟಲಿಗಳನ್ನು ತರಿಸಿದೆ. ಮಲದ ಸೋಂಕಿದ್ದರೆ ಒಂದೆರಡು ದಿನದೊಳಗೆ ಒಳಗಿನ ನೀರು ಕಪ್ಪಾಗುವ ಈ ಸರಳ ಪರೀಕ್ಷೆಯನ್ನು ಕುಡಿಯುವ ನೀರಿಗಾಗಿ ನಮ್ಮ ದೇಶದಲ್ಲಿಯೇ 1980ರ ದಶಕದಲ್ಲಿ ರೂಪಿಸಲಾಯಿತು. ಹೋಮ್‌ಸ್ಟೇಯ ಕೆಳಗಿನ ನೀರು ಒಂದೇ ದಿನದಲ್ಲಿ ಕಪ್ಪಾಯಿತು. ನಾನು ಗೆದ್ದೆನೆಂದುಕೊಂಡೆ. ಆದರೆ ಹೋಲಿಕೆಗೆಂದು ತುಂಬಿಟ್ಟಿದ್ದ, ಮನೆಗಳೇ ಇಲ್ಲದ ಕಾನಿನ ಅಂಚಿನ ನೀರೂ ಮರುದಿನಕ್ಕೆ ಕಪ್ಪಾಗಿತ್ತು. ಮೇಯಲು ಬಿಟ್ಟ ದನ, ಕಾಡುಹಂದಿ, ಕಾಡೆಮ್ಮೆ ಎಲ್ಲವೂ ನೀರು ಕುಡಿಯುವುದು ಅಲ್ಲಿಯೇ. ತೆರೆದ ಹಳ್ಳದಲ್ಲಿ ಈ ಪರೀಕ್ಷೆ ಸೋಂಕಿದೆ ಎಂದಷ್ಟೇ ಹೇಳುತ್ತದೆ, ಯಾರದು ಎಂದು ಹೇಳುವುದಿಲ್ಲ. ಗುಡ್ಡದಿಂದ ಹರಿದುಬರುವ ಅಬ್ಬಿಯ ನೀರನ್ನು ನೇರವಾಗಿ ಕುಡಿಯುವ ನಮ್ಮ ಕಡೆಯ ಮನೆಗಳಿಗೆ ಅದು ಬೇರೆಯೇ ಒಂದು ಎಚ್ಚರಿಕೆ.

ಆ ವಾರಾಂತ್ಯಕ್ಕೆ ಶಿವಮೊಗ್ಗದಲ್ಲಿ ಪದವಿ ಓದುತ್ತಿದ್ದ ನನ್ನ ಅಣ್ಣನ ಮಗಳು ಊರಿಗೆ ಬಂದಳು. ನನ್ನ ಪುಸ್ತಕದಲ್ಲಿದ್ದ ಸಂಖ್ಯೆಗಳನ್ನು ನೋಡಿ ಅವಳು ಕೇಳಿದ್ದು ಒಂದೇ ಪ್ರಶ್ನೆ: “ಚಿಕ್ಕಪ್ಪ, ಮೀನು ಸತ್ತದ್ದು ರಾತ್ರಿ ಅಲ್ವಾ? ನೀವು ಮಧ್ಯಾಹ್ನ ಯಾಕೆ ಅಳೆದ್ರಿ?” ದ್ಯುತಿಸಂಶ್ಲೇಷಣೆಯನ್ನು ಇಪ್ಪತ್ತೆಂಟು ಸಲ ಪಾಠ ಮಾಡಿದವನಿಗೆ ಈ ಪ್ರಶ್ನೆ ಹೊಳೆಯದಿದ್ದುದು ನಾಚಿಕೆಯ ವಿಷಯ. ಬಿಸಿಲಿರುವಷ್ಟು ಹೊತ್ತು ಪಾಚಿ ನೀರಿಗೆ ಆಮ್ಲಜನಕ ಸೇರಿಸುತ್ತದೆ. ಕತ್ತಲಾದ ಮೇಲೆ ಅದೇ ಪಾಚಿ, ತಳದ ಕೊಳೆ, ಬ್ಯಾಕ್ಟೀರಿಯಾ, ಮೀನು ಎಲ್ಲವೂ ಸೇರಿ ಉಸಿರಾಡಿ ಅದನ್ನು ಖರ್ಚು ಮಾಡುತ್ತವೆ. ಲೆಕ್ಕ ಅತ್ಯಂತ ಕೆಳಗಿಳಿಯುವುದು ಸೂರ್ಯ ಹುಟ್ಟುವ ಸ್ವಲ್ಪ ಮುಂಚೆ. ನಾನು ಅಳೆದದ್ದು ಅದು ಅತ್ಯಂತ ಮೇಲಿರುವ ಹೊತ್ತಿನಲ್ಲಿ.

ಅದೃಷ್ಟವೋ ದುರದೃಷ್ಟವೋ, ಮರುದಿನ ಸಂಜೆ ಮತ್ತೊಂದು ಮಳೆ ಬಂತು. ನನ್ನ ಮಳೆಮಾಪಕದಲ್ಲಿ 30 ಮಿಲಿಮೀಟರ್. ಒಂದು ದಿನ ಬಿಟ್ಟು, ಬೆಳಗಿನ ಜಾವ ಐದೂವರೆಗೆ ಟಾರ್ಚ್ ಹಿಡಿದು ಇಬ್ಬರೂ ಹೊರಟೆವು. ಈ ಸಲ ಒಂದು ಜಾಗವಲ್ಲ, ಮೇಲಿನಿಂದ ಕೆಳಗಿನವರೆಗೆ ಏಳು ಜಾಗ ಗುರುತಿಸಿಕೊಂಡಿದ್ದೆವು.

ವಿಧಾನವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳುವುದು ಒಳ್ಳೆಯದು, ಏಕೆಂದರೆ ಹಳ್ಳದ ದಂಡೆಯಲ್ಲಿ ಅದು ಪ್ರಯೋಗಾಲಯದ ಮೇಜಿನ ಮೇಲಿದ್ದಂತೆ ಇರುವುದಿಲ್ಲ. ಹಂಗೇರಿಯ ರಸಾಯನಶಾಸ್ತ್ರಜ್ಞ ಲಾಯೋಷ್ ವಿಂಕ್ಲರ್ 1888ರಲ್ಲಿ ಕೊಟ್ಟ ವಿಧಾನವಿದು. ಬಾಟಲಿಯನ್ನು ನೀರಿನೊಳಗೆ ಓರೆಯಾಗಿ ಮುಳುಗಿಸಿ, ಗುಳುಗುಳು ಸದ್ದಾಗದಂತೆ ತುಂಬಿ, ಒಂದು ಗುಳ್ಳೆಯೂ ಉಳಿಯದಂತೆ ನೀರಿನೊಳಗೇ ಮುಚ್ಚಳ ಹಾಕಬೇಕು. ಒಂದು ಗುಳ್ಳೆ ಸಿಕ್ಕಿಕೊಂಡರೂ ಗಾಳಿಯ ಆಮ್ಲಜನಕ ಒಳಸೇರಿ ಲೆಕ್ಕ ಕೆಡುತ್ತದೆ. ಅದಕ್ಕೆ ಎರಡು ಮಿಲಿಲೀಟರ್ ಮ್ಯಾಂಗನಸ್ ಸಲ್ಫೇಟ್, ಎರಡು ಮಿಲಿಲೀಟರ್ ಕ್ಷಾರೀಯ ಅಯೋಡೈಡ್-ಅಜೈಡ್ ದ್ರಾವಣವನ್ನು ಪಿಪೆಟ್ಟಿನ ತುದಿ ನೀರಿನೊಳಗಿರುವಂತೆ ಹಾಕಿ ಮುಚ್ಚಿ ತಲೆಕೆಳಗು ಮಾಡಿದರೆ ಒತ್ತರ (ಕರಗದೆ ತಳಕ್ಕಿಳಿಯುವ ಗಷ್ಟು) ಮೂಡುತ್ತದೆ. ಆಮ್ಲಜನಕವಿದ್ದರೆ ಒತ್ತರ ಕಂದು, ಇಲ್ಲವೇ ಇಲ್ಲದಿದ್ದರೆ ಬಿಳಿ. ಒತ್ತರ ಇಳಿದ ಮೇಲೆ ಎರಡು ಮಿಲಿಲೀಟರ್ ಪ್ರಬಲ ಸಲ್ಫ್ಯೂರಿಕ್ ಆಮ್ಲ ಹಾಕಿದರೆ ಅದು ಕರಗಿ, ಆಮ್ಲಜನಕದ ಪ್ರಮಾಣಕ್ಕೆ ತಕ್ಕಷ್ಟು ಅಯೋಡಿನ್ ಬಿಡುಗಡೆಯಾಗಿ ನೀರು ಹಳದಿಯಾಗುತ್ತದೆ. ಇಷ್ಟಾದ ಮೇಲೆ ಬಾಟಲಿಯನ್ನು ಕತ್ತಲಲ್ಲಿಟ್ಟು ಮನೆಗೆ ತಂದು, ಕೆಲವು ಗಂಟೆಗಳ ಒಳಗೆ ಅಳೆದರೂ ನಡೆಯುತ್ತದೆ. ಅದರಿಂದ 203 ಮಿಲಿಲೀಟರ್ ತೆಗೆದುಕೊಂಡು (ಹಾಕಿದ ದ್ರಾವಣಗಳು ಹೊರಚೆಲ್ಲಿದ ನೀರಿಗೆ ಆ ಮೂರು ಮಿಲಿಲೀಟರ್ ಪರಿಹಾರ), 0.025 ನಾರ್ಮಲ್ ಥಯೋಸಲ್ಫೇಟನ್ನು ಬ್ಯುರೆಟ್ಟಿನಿಂದ ಹನಿಹನಿಯಾಗಿ ಬಿಟ್ಟು, ಹಳದಿ ತೆಳುವಾದಾಗ ಪಿಷ್ಟದ ದ್ರಾವಣ ಸೇರಿಸಿ, ನೀಲಿ ಮಾಯವಾಗುವವರೆಗೆ ಎಷ್ಟು ಮಿಲಿಲೀಟರ್ ಬೇಕಾಯಿತೋ ಅಷ್ಟೇ ಮಿಲಿಗ್ರಾಂ ಆಮ್ಲಜನಕ ಒಂದು ಲೀಟರಿನಲ್ಲಿದೆ ಎಂದು ಅರ್ಥ. ಅಜೈಡ್ ವಿಷ, ಆಮ್ಲ ಸುಡುವಂಥದ್ದು. ಕೈಗವಸು, ಕನ್ನಡಕ ಇಲ್ಲದೆ ಮಾಡಕೂಡದು, ಉಳಿಕೆಯನ್ನು ಹಳ್ಳಕ್ಕೆ ಚೆಲ್ಲಕೂಡದು. ಅನುಭವವಿಲ್ಲದವರು ಮಕ್ಕಳನ್ನು ಜೊತೆಗಿಟ್ಟುಕೊಂಡು ಮಾಡುವ ಪ್ರಯೋಗವಂತೂ ಅಲ್ಲ.

ಅಂದು ಬೆಳಿಗ್ಗೆ ದಂಡೆಯ ಮೇಲೆ ಸಾಲಾಗಿಟ್ಟ ಬಾಟಲಿಗಳನ್ನು ನೋಡಿದಾಗಲೇ, ಥಯೋಸಲ್ಫೇಟ್ ಹನಿಸಿ ಅಳೆಯುವ ಮೊದಲೇ, ವಿಷಯ ಅರ್ಧ ತಿಳಿದುಹೋಗಿತ್ತು. ಮೇಲಿನ ಬಾಟಲಿಗಳಲ್ಲಿ ಗಾಢ ಕಂದು ಒತ್ತರ, ಕೆಳಕೆಳಗೆ ಬಂದಂತೆ ಅದು ಪೇಲವ. ಕಾನಿನ ಅಂಚಿನಲ್ಲಿ 7.2, ಹೋಮ್‌ಸ್ಟೇ ದಾಟಿದ ಮೇಲೆ 7.0, ನಮ್ಮ ತೋಟದ ಮೇಲ್ತುದಿಯಲ್ಲಿ 6.6, ನಮ್ಮ ಒಡ್ಡಿನಲ್ಲಿ 5.1, ನಡುವಿನ ಮನೆಯವರ ಒಡ್ಡಿನಲ್ಲಿ 3.7, ಕೆಳಗಿನ ಮನೆಯವರ ಒಡ್ಡಿನಲ್ಲಿ 2.4. ಮೀನುಗಾರಿಕೆಗೂ ವನ್ಯಜೀವಿಗಳಿಗೂ ಯೋಗ್ಯವಾದ ನೀರಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಇಟ್ಟಿರುವ ಕನಿಷ್ಠ ಮಿತಿ 4. ಏಳನೆಯ ಜಾಗ, ಅಂದರೆ ಆ ಕೊನೆಯ ಒಡ್ಡಿನ ಕೆಳಗೆ ನೀರು ಕಲ್ಲುಗಳ ಮೇಲೆ ಮೂವತ್ತು ಮೀಟರ್ ಧುಮುಕಿ ಇಳಿದ ನಂತರದ ಜಾಗದಲ್ಲಿ 6.0. ಬಂಡೆಗೆ ಬಡಿದು ನೊರೆಯಾಗುವ ನೀರು ಗಾಳಿಯಿಂದ ಆಮ್ಲಜನಕವನ್ನು ಎಷ್ಟು ಬೇಗ ಎಳೆದುಕೊಳ್ಳುತ್ತದೆ ಎಂಬುದನ್ನು ನಾನು ಸಂಖ್ಯೆಯಲ್ಲಿ ನೋಡಿದ್ದು ಅದೇ ಮೊದಲು. ಮಲೆನಾಡಿನ ಹಳ್ಳಗಳು ನಮ್ಮ ಎಷ್ಟೋ ತಪ್ಪುಗಳನ್ನು ಹೀಗೆ ನುಂಗಿಕೊಳ್ಳುತ್ತವೆ; ತುಂಗೆಗೆ ಸೇರುವ ಹೊತ್ತಿಗೆ ಆ ನೀರನ್ನು ಅಳೆದವರಿಗೆ ಮೇಲೆ ಏನಾಯಿತೆಂಬ ಸುಳಿವೂ ಸಿಗಲಾರದು.

ಹೋಮ್‌ಸ್ಟೇ ದಾಟಿದಾಗ ಇಳಿದದ್ದು 0.2 ಮಾತ್ರ, ಅದು ನನ್ನ ಕೈಯ ದೋಷದ ಅಂತರದಲ್ಲಿಯೇ ಬರುವಂಥದ್ದು. ಇದರಿಂದ ಅವರ ಗುಂಡಿ ಸರಿಯಾಗಿದೆ ಎಂದು ಹೇಳಿದಂತಾಗಲಿಲ್ಲ, ಏಕೆಂದರೆ ಗುಂಡಿಯ ಸೋರಿಕೆಯನ್ನು ತೋರಿಸಬಲ್ಲ ನೈಟ್ರೇಟನ್ನು ನಾನು ಅಳೆದಿರಲಿಲ್ಲ. ಮೀನು ಸತ್ತದ್ದಕ್ಕೆ ಅವರು ಕಾರಣರಲ್ಲ ಎಂದಷ್ಟೇ. ಹಾಗಾದರೆ ಇಳಿತ ಶುರುವಾದದ್ದು ಎಲ್ಲಿ? ನಮ್ಮ ತೋಟದ ಮೇಲ್ತುದಿಯಲ್ಲಿ. ಅಲ್ಲಿ, ಹಳ್ಳದ ದಂಡೆಯಿಂದ ನಾಲ್ಕು ಮಾರು ದೂರದಲ್ಲಿ, ನಮ್ಮದೇ ಅಡಿಕೆ ಸಿಪ್ಪೆಯ ರಾಶಿ ಇತ್ತು.

ಹಿಂದೆ ಹೆಂಗಸರು ಗಂಡಸರು ಸೇರಿ ರಾತ್ರಿ ಕೂತು ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುತ್ತಿದ್ದಾಗ ಸಿಪ್ಪೆ ಮನೆಮನೆಗೆ ಹಂಚಿಹೋಗಿ ಒಲೆಗೋ ತೋಟಕ್ಕೋ ಸೇರುತ್ತಿತ್ತು. ಸುಲಿಯುವ ಯಂತ್ರ ಬಂದ ಮೇಲೆ ಹತ್ತಾರು ಕ್ವಿಂಟಲ್ ಸಿಪ್ಪೆ ಒಂದೇ ಕಡೆ ಬೀಳುತ್ತದೆ. ನಾನೂ ಎಲ್ಲರಂತೆ, ಟ್ರಾಕ್ಟರ್ ಹೋಗುವ ಜಾಗ ಎಂಬ ಒಂದೇ ಕಾರಣಕ್ಕೆ ಅದನ್ನು ಹಳ್ಳದ ಪಕ್ಕ ಸುರಿಸಿದ್ದೆ. ಕೊಯ್ಲಿನ ಕಾಲದಿಂದ ಏಪ್ರಿಲ್ ವರೆಗೆ ಒಣಗಿ, ಒಳಗೊಳಗೇ ಹುದುಗಿ ಕುಳಿತಿದ್ದ ಆ ರಾಶಿಗೆ ಮಳೆ ಬಿದ್ದಾಗ ಅದರ ಬುಡದಿಂದ ಚೊಗರಿನ (ಅಡಿಕೆ ಬೇಯಿಸಿದ ಕೆಂಗಂದು ರಸದ) ಬಣ್ಣದ ನೀರು ಜಿನುಗುತ್ತಿತ್ತು.

ಅಚ್ಚರಿಯೆನಿಸಿದ್ದು ರಾಶಿಯ ಬಳಿಯೇ ಆಮ್ಲಜನಕ 6.6 ಇದ್ದದ್ದು. ಕೊಳೆ ಸೇರುವ ಜಾಗದಲ್ಲಿಯೇ ನೀರು ಕೆಟ್ಟಿರಬೇಕು ಎಂದು ನಾವು ಸಹಜವಾಗಿ ಅಂದುಕೊಳ್ಳುತ್ತೇವೆ. ಹಾಗಲ್ಲ ಎಂಬುದನ್ನು ಅಮೆರಿಕದ ಓಹಿಯೋ ನದಿಯನ್ನು ಅಭ್ಯಸಿಸಿದ ಸ್ಟ್ರೀಟರ್ ಮತ್ತು ಫೆಲ್ಪ್ಸ್ ಎಂಬಿಬ್ಬರು 1925ರಲ್ಲಿಯೇ ಸಮೀಕರಣವಾಗಿ ಬರೆದಿಟ್ಟಿದ್ದಾರೆ. ಬ್ಯಾಕ್ಟೀರಿಯಾಗಳು ಕೊಳೆಯನ್ನು ತಿನ್ನಲು ಸಮಯ ಬೇಕು; ಆ ಸಮಯದಲ್ಲಿ ನೀರು ಮುಂದೆ ಹರಿದಿರುತ್ತದೆ; ಆದ್ದರಿಂದ ಆಮ್ಲಜನಕ ತಳ ಮುಟ್ಟುವುದು ಕೊಳೆ ಸೇರಿದಲ್ಲಿ ಅಲ್ಲ, ಅದರಿಂದ ಕೆಳಗೆ. ತಪ್ಪು ಮಾಡಿದವನ ಒಡ್ಡಿನಲ್ಲಿ ಮೀನು ಬದುಕಿತ್ತು, ಎರಡು ಮನೆ ಕೆಳಗಿನವರ ಒಡ್ಡಿನಲ್ಲಿ ಸತ್ತಿತ್ತು.

ನಮ್ಮ ಹಳ್ಳದಂಥ ಸಣ್ಣ ಹಳ್ಳದಲ್ಲಿ ನೀರಿಗೆ ಅಷ್ಟು ಸಮಯ ಸಿಗುವುದಾದರೂ ಹೇಗೆ ಎಂಬ ಪ್ರಶ್ನೆಗೆ ಒಂದು ಬಕೆಟ್ ಮತ್ತು ಗಡಿಯಾರದಿಂದ ಉತ್ತರ ಸಿಕ್ಕಿತು. ಕೊನೆಯ ಒಡ್ಡಿನಿಂದ ಅಡಿಕೆ ದಂಬೆಯಲ್ಲಿ (ಸೀಳಿದ ಅಡಿಕೆ ಮರದ ದೋಣಿಯಲ್ಲಿ) ಬೀಳುತ್ತಿದ್ದ ನೀರಿಗೆ 20 ಲೀಟರಿನ ಬಕೆಟ್ ಹಿಡಿದರೆ ತುಂಬಲು 16 ಸೆಕೆಂಡ್ ಬೇಕಾಯಿತು, ಅಂದರೆ ಸೆಕೆಂಡಿಗೆ ಒಂದೂಕಾಲು ಲೀಟರ್. ಒಡ್ಡಿನ ಹಿಂದಿನ ನೀರು 18 ಮೀಟರ್ ಉದ್ದ, 5 ಮೀಟರ್ ಅಗಲ, ಸರಾಸರಿ 70 ಸೆಂಟಿಮೀಟರ್ ಆಳ. ಸುಮಾರು 63,000 ಲೀಟರ್. ಭಾಗಿಸಿದರೆ ಹದಿನಾಲ್ಕು ಗಂಟೆ. ಮೂರು ಒಡ್ಡುಗಳನ್ನು ದಾಟಲು ನೀರಿಗೆ ಹೆಚ್ಚುಕಡಿಮೆ ಎರಡು ದಿನ ಬೇಕು, ಮತ್ತು ಮಳೆ ಬಂದು ಎರಡು ರಾತ್ರಿ ಕಳೆದ ಮೇಲೆಯೇ ಮೀನು ಸತ್ತದ್ದು. ಜುಲೈ ತಿಂಗಳಲ್ಲಿ, ಒಡ್ಡುಗಳೆಲ್ಲ ಕೊಚ್ಚಿಹೋಗಿ ಹಳ್ಳ ಕೆಂಪಗೆ ಭೋರ್ಗರೆಯುವಾಗ, ಇದೇ ರಾಶಿಯಿಂದ ಇದರ ಹತ್ತು ಪಟ್ಟು ಕೊಳೆ ಇಳಿದರೂ ಯಾವ ಮೀನಿಗೂ ಏನೂ ಆಗಲಾರದು. ನೋಡಲು ಭಯಂಕರವಾದ ಕೆಸರು ನೀರು ಮೀನಿಗೆ ಸುಖ, ಕನ್ನಡಿಯಂಥ ಬೇಸಿಗೆಯ ನೀರು ಗಂಡಾಂತರ.

ಆ ಚೊಗರುಬಣ್ಣದ ನೀರು ಎಷ್ಟು ಆಮ್ಲಜನಕ ಬೇಡುತ್ತದೆ ಎಂದು ಅಳೆಯಲು ಹೋಗಿ ಮೊದಲ ಪ್ರಯತ್ನದಲ್ಲಿ ಸೋತೆ. ಕಾನಿನ ನೀರಿನಲ್ಲಿ ನೂರಕ್ಕೆ ಒಂದರಷ್ಟು ಬೆರೆಸಿ, ಬಾಟಲಿಗಳನ್ನು ಮೂರು ದಿನ ಕತ್ತಲಲ್ಲಿಟ್ಟು ತೆರೆದರೆ ಎಲ್ಲದರಲ್ಲೂ ಒತ್ತರ ಅಚ್ಚ ಬಿಳಿ. ಆಮ್ಲಜನಕ ಪೂರ್ತಿ ಮುಗಿದುಹೋಗಿತ್ತು, ಮುಗಿದ ಮೇಲೆ ಇನ್ನೂ ಎಷ್ಟು ಬೇಕಿತ್ತೆಂದು ಹೇಳುವಂತಿಲ್ಲ. ಎರಡನೆಯ ಸಲ ಸಾವಿರಕ್ಕೆ ಒಂದರಂತೆ ಬೆರೆಸಿದಾಗ, ಬರಿಯ ಕಾನಿನ ನೀರಿನ ಬಾಟಲಿಯಲ್ಲಿ ಆದ ಇಳಿಕೆಯನ್ನು ಕಳೆದ ಮೇಲೆ, ಮೂರೂವರೆ ಮಿಲಿಗ್ರಾಂ ಖರ್ಚಾಗಿತ್ತು. ಅಂದರೆ ಮೂಲ ದ್ರವದ ಬೇಡಿಕೆ ಲೀಟರಿಗೆ 3,500 ಮಿಲಿಗ್ರಾಮಿನ ಆಸುಪಾಸು. ನಮ್ಮ ದೇಶದ ಮಾನಕ ವಿಧಾನದಂತೆ ಜೈವಿಕ ಆಮ್ಲಜನಕ ಬೇಡಿಕೆಯನ್ನು 27 ಡಿಗ್ರಿಯಲ್ಲಿ ಮೂರು ದಿನ ಇಟ್ಟು ಅಳೆಯಬೇಕು. ನನ್ನ ಕತ್ತಲ ಕೋಣೆಯ ಉಷ್ಣತೆ ರಾತ್ರಿ ಹಗಲಿಗೆ ಏರಿಳಿಯುತ್ತಿತ್ತು, ಆದ್ದರಿಂದ ಈ ಸಂಖ್ಯೆಯನ್ನು ಅಂದಾಜಿಗಿಂತ ಹೆಚ್ಚೆಂದು ಯಾರೂ ತಿಳಿಯಬಾರದು. ಆದರೆ ಅಂದಾಜೇ ಸಾಕಾಗಿತ್ತು. ಲೀಟರಿಗೆ ಏಳು ಮಿಲಿಗ್ರಾಮಿನಂತೆ ಕೊನೆಯ ಒಡ್ಡಿನ ಅಷ್ಟೂ ನೀರಿನಲ್ಲಿದ್ದ ಆಮ್ಲಜನಕ 441 ಗ್ರಾಂ. ಅದನ್ನು ಬರಿದು ಮಾಡಲು ಈ ದ್ರವ 126 ಲೀಟರ್, ಅಂದರೆ ಎಂಟು ಕೊಡದ ಮೇಲೆ ಸ್ವಲ್ಪ ಇದ್ದರೆ ಸಾಕು. ಒಂದು ಮಿಲಿಮೀಟರ್ ಮಳೆಯೆಂದರೆ ಚದರ ಮೀಟರಿಗೆ ಒಂದು ಲೀಟರ್ ನೀರು. ಆರು ಮೀಟರ್ ಉದ್ದ ನಾಲ್ಕು ಮೀಟರ್ ಅಗಲದ ನಮ್ಮ ರಾಶಿಯ ಮೇಲೆ ಆ 30 ಮಿಲಿಮೀಟರಿನಲ್ಲಿ ಬಿದ್ದದ್ದು 720 ಲೀಟರ್. ಅರ್ಧವನ್ನು ಸಿಪ್ಪೆಯೇ ಹೀರಿಕೊಂಡಿತೆಂದು ಬಿಟ್ಟರೂ, ಅದು ಮೂರು ಒಡ್ಡುಗಳಲ್ಲಿ ಹಂಚಿಹೋಯಿತೆಂದರೂ, ಮೇಲ್ಮೈಯಿಂದ ಗಾಳಿ ಒಂದಿಷ್ಟು ತುಂಬಿಕೊಟ್ಟಿತೆಂದರೂ, ಲೆಕ್ಕ ನನ್ನ ವಿರುದ್ಧವೇ ಇತ್ತು.

ನಡುವೆ ಒಂದು ಮಾತು. ಹಳ್ಳದ ನೀರಿನ ಕಂದು ಬಣ್ಣವೆಲ್ಲ ಮಾಲಿನ್ಯವಲ್ಲ. ಕಾನಿನ ಒಳಗೆ ಎಲೆ ಕೊಳೆತ ಜಾಗದಲ್ಲಿ ನೀರಿಗೆ ಚಹಾದ ಬಣ್ಣ ಬರುವುದು ಸಹಜ. ಹಾಗೆಯೇ ಜಂಬಿಟ್ಟಿಗೆಯ ಮಣ್ಣಿನಿಂದ ಜಿನುಗುವ ಒರತೆಗಳ ಮೇಲೆ ಕಾಮನಬಿಲ್ಲಿನ ಬಣ್ಣದ ತೆಳು ಪೊರೆ ಕಂಡು, ಯಾರೋ ಡೀಸೆಲ್ ಚೆಲ್ಲಿದ್ದಾರೆ ಎಂದು ನನ್ನನ್ನು ಕರೆದವರಿದ್ದಾರೆ. ಒಂದು ಕಡ್ಡಿಯಿಂದ ಕಲಕಿ ನೋಡಿದರೆ ಸಾಕು: ಪೊರೆ ಗಾಜಿನ ಚೂರಿನಂತೆ ಒಡೆದು ಹಾಗೇ ಉಳಿದರೆ ಅದು ಕಬ್ಬಿಣದ ಬ್ಯಾಕ್ಟೀರಿಯಾಗಳದ್ದು, ಮತ್ತೆ ಕೂಡಿಕೊಂಡರೆ ಎಣ್ಣೆ. ಇನ್ನು, ಕೊಳೆರೋಗಕ್ಕೆ ನಾವು ಮಳೆಗಾಲದಲ್ಲಿ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತ ಮೀನಿಗೆ ವಿಷವೇ ಆದರೂ ಆಮ್ಲಜನಕದ ಪರೀಕ್ಷೆಯಲ್ಲಿ ಅದರ ಸುಳಿವು ಸಿಗುವುದಿಲ್ಲ. ಅದಕ್ಕೆ ಬೇರೆ ಪರೀಕ್ಷೆಯೇ ಬೇಕು.

ಇದು ಆ ವರ್ಷವೇ ಏಕಾಯಿತು, ಸಿಪ್ಪೆ ಹಿಂದಿನ ವರ್ಷವೂ ಅಲ್ಲೇ ಇತ್ತಲ್ಲ ಎಂದು ಕೆಳಗಿನ ಮನೆಯವರು ಕೇಳಿದ್ದು ನ್ಯಾಯವಾದ ಪ್ರಶ್ನೆ. 2023ರ ಮಳೆಗಾಲ ರಾಜ್ಯಕ್ಕೇ ಕೈಕೊಟ್ಟಿತ್ತು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಪಡೆಯುವ ಆಗುಂಬೆ ನಮ್ಮದೇ ತಾಲ್ಲೂಕಿನಲ್ಲಿದ್ದರೂ, ಬೇಸಿಗೆಯಲ್ಲಿ ಹಳ್ಳ ಹರಿಯುವುದು ಆ ಮಳೆಯಲ್ಲಿ ಕಾನಿನ ನೆಲ ಎಷ್ಟನ್ನು ಕುಡಿದಿಟ್ಟುಕೊಂಡಿದೆ ಎಂಬುದರ ಮೇಲೆ. ಒರತೆ ಬೇಗ ಸೊರಗಿದ್ದರಿಂದ ಎಲ್ಲರೂ ಒಡ್ಡುಗಳನ್ನು ಎತ್ತರಿಸಿದರು, ನೀರು ನಿಂತಿತು, ನಿಂತ ನೀರು ಕಾಯಿತು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ: ಸಮುದ್ರಮಟ್ಟದಲ್ಲಿ 20 ಡಿಗ್ರಿಯ ನೀರಿಗೆ 9.1 ಮಿಲಿಗ್ರಾಂ ಹಿಡಿದರೆ 30 ಡಿಗ್ರಿಯಲ್ಲಿ 7.6 ಮಾತ್ರ, ಮತ್ತು ಅದೇ ಬಿಸಿಗೆ ಬ್ಯಾಕ್ಟೀರಿಯಾಗಳ ಹಸಿವು ಹೆಚ್ಚು. ಜೊತೆಗೆ, ವಾತಾವರಣ ಒಂದು ಡಿಗ್ರಿ ಬಿಸಿಯಾದರೆ ಅದು ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನು ಹೊರಬಲ್ಲದು. ಮಳೆಯ ನಡುವಿನ ಬಿಡುವು ಉದ್ದವಾಗಿ, ಬಂದಾಗ ಒಮ್ಮೆಲೇ ಸುರಿಯುವುದಕ್ಕೆ ಹವಾಮಾನದವರು ಕೊಡುವ ಕಾರಣಗಳಲ್ಲಿ ಇದೂ ಒಂದು. ನಮ್ಮ ಒಂದು ಹಳ್ಳದ ಒಂದು ಘಟನೆಯನ್ನು ಹವಾಮಾನ ಬದಲಾವಣೆಯ ಲೆಕ್ಕಕ್ಕೆ ಬರೆಯುವ ಧೈರ್ಯ ನನಗಿಲ್ಲ. ಆದರೆ ಸಣ್ಣ ತಪ್ಪನ್ನು ತಡೆದುಕೊಳ್ಳುವ ಶಕ್ತಿ ಬಿಸಿಯಾದ, ಬಡವಾದ ಹಳ್ಳಕ್ಕೆ ಇರುವುದಿಲ್ಲ ಎಂಬುದನ್ನು ನೋಡಿದ್ದೇನೆ.

ಹೋಮ್‌ಸ್ಟೇಯವರ ಮನೆಗೆ ಹೋಗಿ ನಡೆದದ್ದನ್ನು ಹೇಳಿ ಕ್ಷಮೆ ಕೇಳಿದೆ. ಕೆಳಗಿನ ಮನೆಯವರಿಗೆ ಹೇಳಿದಾಗ ಅವರು ನಕ್ಕು, “ನಿಮ್ಮದೂ ಸರಿ ಮೇಷ್ಟ್ರೇ, ನಮ್ಮ ಸಿಪ್ಪೆ ಎಲ್ಲಿದೆ ಅಂತ ನೀವು ನೋಡ್ಲಿಲ್ಲವಲ್ಲ” ಎಂದರು. ಅವರದೂ ಹಳ್ಳದ ದಂಡೆಯಲ್ಲಿಯೇ ಇತ್ತು, ಅವರ ಒಡ್ಡಿನ ಕೆಳಗೆ.

ಮಳೆಗಾಲಕ್ಕೆ ಮುಂಚೆ ಸಿಪ್ಪೆಯನ್ನು ಹಳ್ಳದಿಂದ ಐವತ್ತು ಮೀಟರ್ ಮೇಲಿನ ಸಮತಟ್ಟಿಗೆ ಸಾಗಿಸಿದೆವು. ಸುತ್ತ ಮೊಣಕಾಲುದ್ದದ ಚರಂಡಿ ತೋಡಿ ಅದರ ನೀರು ಒಂದು ಇಂಗುಗುಂಡಿಗೆ ಸೇರುವಂತೆ ಮಾಡಿ, ಸಿಪ್ಪೆಯನ್ನು ಸಗಣಿ ಬಗ್ಗಡದ ಜೊತೆ ಪದರ ಪದರವಾಗಿ ಹಾಕಿ, ಮೇಲೆ ಸೋಗೆ ಹೊದಿಸಿದೆವು. ಸಿಪ್ಪೆ ಕೊಳೆಯುವುದು ಬಹಳ ನಿಧಾನ. ಒಂದು ವರ್ಷ ಕಳೆದರೂ ಒಳಗೆ ನಾರು ನಾರಾಗಿಯೇ ಇತ್ತು, ಆದರೆ ಮರದ ಬುಡಕ್ಕೆ ಮುಚ್ಚಿಗೆಯಾಗಿ ಹಾಕಲು ಅಡ್ಡಿಯಿರಲಿಲ್ಲ. ಇಂಗುಗುಂಡಿಯನ್ನು ಬಾವಿಯಿಂದ ಸಾಕಷ್ಟು ದೂರ, ಅದರ ಇಳಿಜಾರಿನ ಕೆಳಭಾಗದಲ್ಲಿ ತೋಡಿದ್ದೇವೆ. ಕೊಳೆಯನ್ನು ಹಳ್ಳದಿಂದ ತಪ್ಪಿಸಿ ಬಾವಿಗೆ ಇಳಿಸಿದರೆ ಏನು ಬಂತು? ಒಡ್ಡುಗಳ ವಿಷಯದಲ್ಲಿ ಮಾಡಿದ್ದು ಒಂದೇ ಬದಲಾವಣೆ: ತುಂಬಿದ ನೀರು ಮೇಲಿನಿಂದ ತೆಳುವಾಗಿ ಜಾರಿಹೋಗುವ ಬದಲು, ತಳದ ಹತ್ತಿರದಿಂದ ಒಂದು ಪೈಪಿನಲ್ಲಿ ಹೊರಬಂದು ಕೆಳಗಿನ ಕಲ್ಲಿನ ಮೇಲೆ ಬಡಿಯುವಂತೆ ಇಟ್ಟೆವು. ಆಮ್ಲಜನಕ ಕಡಿಮೆಯಿರುವುದು ತಳದ ನೀರಿನಲ್ಲಿ, ಅದೇ ಮೊದಲು ಹೊರಹೋಗಲಿ ಎಂಬ ಲೆಕ್ಕ.

2025ರ ಏಪ್ರಿಲಿನಲ್ಲಿ ಅದೇ ಏಳು ಜಾಗಗಳಲ್ಲಿ, ಅದೇ ಐದೂವರೆಯ ಹೊತ್ತಿಗೆ ಅಳೆದಾಗ ಕೊನೆಯ ಒಡ್ಡಿನಲ್ಲಿ 4.8 ಬಂತು. ಹಿಂದಿನ ವರ್ಷದ 2.4ಕ್ಕೆ ಹೋಲಿಸಿ ಸಂತೋಷಪಡಬಹುದಿತ್ತು, ಆದರೆ ಆ ವರ್ಷ ಹಳ್ಳದಲ್ಲಿ ನೀರೂ ಹೆಚ್ಚು ಹರಿಯುತ್ತಿತ್ತು. ಸುಧಾರಣೆಯಲ್ಲಿ ಸಿಪ್ಪೆಯ ಪಾಲು ಎಷ್ಟು, ಮಳೆಯ ಪಾಲು ಎಷ್ಟು ಎಂದು ಬಿಡಿಸಿ ಹೇಳಲು ಬರುವುದಿಲ್ಲ. ನಡುವಿನ ಮನೆಯವರ ಒಡ್ಡಿನಲ್ಲಿ ಮಾತ್ರ 4.6 ಬಂದು, ಅದು ಕೊನೆಯದಕ್ಕಿಂತ ಕಡಿಮೆಯಾಗಿದ್ದು ನಾವು ಎಣಿಸಿರದ ಸಂಗತಿ. ಅಲ್ಲಿಗೆ ಕೊಟ್ಟಿಗೆಯ ಗಂಜಲದ ಕಾಲುವೆಯೊಂದು ಬಂದು ಸೇರುತ್ತದೆಂದು ನನ್ನ ಅಣ್ಣನ ಮಗಳು ಹೇಳುತ್ತಾಳೆ. ಈ ಸಲ ಯಾರಿಗೂ ಏನನ್ನೂ ಹೇಳದೆ, ಕಾಲುವೆಯ ಮೇಲೊಂದು ಕೆಳಗೊಂದು ಗೂಟ ನೆಟ್ಟು ಬಂದಿದ್ದೇವೆ.